ಏಡನ್ ಕೊಲ್ಲಿಯ ಹಡಗಿನಲ್ಲಿರುವ ಮಗ ಇಡೀ ದಿನ ಏನು ಮಾಡುತ್ತಾನೆ?

ಪ್ರಶ್ನೆ: ನಮ್ಮದು ಹಾವೇರಿ ಜಿಲ್ಲೆಯ ಒಂದು ಹಳ್ಳಿ. ಇಪ್ಪತ್ಮೂರು ವರ್ಷದ ನನ್ನ ಮಗ ನೌಕಾಪಡೆಯಲ್ಲಿ ಸೈಲರ್ ಆಗಿದ್ದಾನೆ. ಎರಡು ತಿಂಗಳ ಹಿಂದೆ ಅವನ ಹಡಗು ಕಾರವಾರದಿಂದ ಹೊರಟಿತು. ಏಡನ್ ಕೊಲ್ಲಿಯ ಕಡೆಗೆ ಎಂದಷ್ಟೇ ಹೇಳಿದ್ದ. ಫೋನ್ ಬರುವುದು ಅಪರೂಪ, ಬಂದರೂ ಎರಡು ನಿಮಿಷ. ‘ಚೊಲೋ ಅದೀನವ್ವ, ಊಟ ಆತು, ಕೆಲಸ ಐತಿ’ ಎಂದು ಇಟ್ಟುಬಿಡುತ್ತಾನೆ. ಮೊದಲು ಬಹಳ ಮಾತಿನ ಹುಡುಗ. ಅಲ್ಲಿ ಇಡೀ ದಿನ ಏನು ಮಾಡುತ್ತಾನೆ? ಅಪಾಯವಿದೆಯೆ? ನಮ್ಮಿಂದ ಏನಾದರೂ ಮುಚ್ಚಿಡುತ್ತಿದ್ದಾನೆಯೆ? ಮುಂದಿನ ಸಲ ಹೊರಡುವಾಗ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟರೆ ಹಡಗಿನಲ್ಲಿ ಬಿಡುತ್ತಾರೆಯೆ?

ಉತ್ತರ: ತಾಯಿ, ನಾನು ಅಂಕೋಲೆಯ ಕಡೆಯವನು. ನೌಕಾಪಡೆಯ ರಡಾರ್ ವಿಭಾಗದಲ್ಲಿ 26 ವರ್ಷ ದುಡಿದು ಮಾಸ್ಟರ್ ಚೀಫ್ ಆಗಿ ನಿವೃತ್ತನಾದೆ. ನಿಮ್ಮ ಮಗ ಈಗ ಇರುವ ನೀರಿನಲ್ಲಿಯೇ ಎರಡು ಸಲ ಗಸ್ತು ತಿರುಗಿದ್ದೇನೆ. ನಮ್ಮ ಆಸುಪಾಸಿನ ಹಳ್ಳಿಗಳು ಎದ್ದುಹೋದ ಜಾಗದಲ್ಲಿಯೇ 2005ರಲ್ಲಿ ಐಎನ್‌ಎಸ್ ಕದಂಬ ನೆಲೆ ಶುರುವಾದದ್ದು. ಹೀಗಾಗಿ ಕಡಲು, ನೌಕಾಪಡೆ ಎರಡೂ ನಮ್ಮ ಮನೆಯಲ್ಲಿ ದಿನಬಳಕೆಯ ಮಾತುಗಳು. ಅಂಥ ಮನೆಯಿಂದ ಹೋದ ನಾನು ಕೂಡ ಹಡಗಿನಿಂದ ಫೋನ್ ಮಾಡಿದಾಗ ನನ್ನ ತಾಯಿಗೆ ಹೇಳುತ್ತಿದ್ದುದು ನಿಮ್ಮ ಮಗ ಹೇಳುವ ಆ ಮೂರು ಮಾತುಗಳನ್ನೇ. ಆದ್ದರಿಂದ ಮೂರನೆಯ ಪ್ರಶ್ನೆಗೆ ಮೊದಲೇ ಉತ್ತರ ಕೊಟ್ಟುಬಿಡುತ್ತೇನೆ: ಅವನು ನಿಮ್ಮಿಂದ ಮುಚ್ಚಿಡುವುದು ಬಹಳ ಸ್ವಲ್ಪ. ಹೇಳಲು ಅವನ ಹತ್ತಿರ ಏನೂ ಸಿಗುತ್ತಿಲ್ಲ, ಅಷ್ಟೆ. ಏಕೆ ಸಿಗುವುದಿಲ್ಲ ಎಂಬುದು ಅವನ ದಿನಚರಿಯನ್ನು ನೋಡಿದರೆ ತಿಳಿಯುತ್ತದೆ.

ಏಡನ್ ಕೊಲ್ಲಿ ಎಂದರೆ ಉತ್ತರಕ್ಕೆ ಯೆಮೆನ್, ದಕ್ಷಿಣಕ್ಕೆ ಸೊಮಾಲಿಯಾ, ನಡುವೆ ಕೆಂಪು ಸಮುದ್ರಕ್ಕೂ ಅಲ್ಲಿಂದ ಮುಂದೆ ಸೂಯೆಜ್ ಕಾಲುವೆಗೂ ಹೋಗುವ ನೀರಿನ ದಾರಿ. ಸೊಮಾಲಿ ಕಡಲ್ಗಳ್ಳರ ಹಾವಳಿ ವಿಪರೀತವಾದಾಗ, 2008ರ ಅಕ್ಟೋಬರ್‌ನಲ್ಲಿ ನಮ್ಮ ನೌಕಾಪಡೆ ಅಲ್ಲಿ ಗಸ್ತು ಆರಂಭಿಸಿತು. ಅಂದಿನಿಂದ ಒಂದು ಹಡಗು ಹಿಂದಿರುಗುವ ಹೊತ್ತಿಗೆ ಇನ್ನೊಂದು ಹೋಗಿ ಜಾಗ ತುಂಬುತ್ತದೆ. ವ್ಯಾಪಾರಿ ಹಡಗುಗಳಿಗೆಂದು ಗುರುತಿಸಿದ ಕಾರಿಡಾರ್ ಸುಮಾರು 490 ನಾಟಿಕಲ್ ಮೈಲಿ, ಅಂದರೆ 900 ಕಿಲೋಮೀಟರಿಗೂ ಹೆಚ್ಚು ಉದ್ದವಿದೆ. 12 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ 12 ನಾಟಿಕಲ್ ಮೈಲಿಯಂತೆ ಹೋದರೆ, ಒಂದು ತುದಿಯಿಂದ ಇನ್ನೊಂದು ತುದಿ ಮುಟ್ಟಲು ನಲವತ್ತು ಗಂಟೆಗೂ ಹೆಚ್ಚು ಬೇಕು. ಮುಟ್ಟಿದ ಮೇಲೆ ತಿರುಗಿ ಬರುವುದು, ಬಂದ ಮೇಲೆ ಮತ್ತೆ ಹೋಗುವುದು. ನಿಮ್ಮ ಹೊಲದಲ್ಲಿ ಎತ್ತು ಹೂಡಿ ಸಾಲು ಹೊಡೆಯುವುದನ್ನು ನೆನೆಸಿಕೊಳ್ಳಿ. ವ್ಯತ್ಯಾಸವೆಂದರೆ ಇಲ್ಲಿ ಹೊಡೆದ ಸಾಲು ಅರ್ಧ ಗಂಟೆಯಲ್ಲಿ ಅಳಿಸಿಹೋಗುತ್ತದೆ.

ಹಡಗು ಪಶ್ಚಿಮಕ್ಕೆ ಸಾಗಿದಂತೆ ಗಡಿಯಾರಗಳನ್ನು ಹಿಂದಕ್ಕೆ ಸರಿಸುತ್ತಾರೆ. ಆ ಭಾಗದ ಹೊತ್ತು ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದೆ. ನೀವು ಸಂಜೆ ಆರೂವರೆಗೆ ದೇವರ ಮುಂದೆ ದೀಪ ಹಚ್ಚುವಾಗ ಅವನಿಗಿನ್ನೂ ನಾಲ್ಕು ಗಂಟೆ. ಡೆಕ್ಕಿನ ಉಕ್ಕು ಬರಿಗಾಲು ಇಡಲಾಗದಷ್ಟು ಕಾದಿರುತ್ತದೆ ಮತ್ತು ಸರಿಯಾಗಿ ಆ ಹೊತ್ತಿಗೇ ವಾಚ್ ಬದಲಾಗುತ್ತದೆ.

ಈ ವಾಚ್ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಅವನ ಬದುಕೆಲ್ಲ ಅದರ ಮೇಲೆ ನಿಂತಿದೆ. ಹಡಗಿನ ದಿನವನ್ನು ನಾಲ್ಕು ನಾಲ್ಕು ಗಂಟೆಗಳ ಪಾಳಿಗಳಾಗಿ ಕತ್ತರಿಸಿರುತ್ತಾರೆ. ಹಾಗೆ ಕತ್ತರಿಸಿದರೆ ಆರು ಪಾಳಿಗಳಾಗುತ್ತವೆ, ಸಿಬ್ಬಂದಿಯನ್ನು ಸಾಮಾನ್ಯವಾಗಿ ಮೂರು ತಂಡ ಮಾಡಿರುತ್ತಾರೆ. ಆರು ಮೂರರಿಂದ ಸರಿಯಾಗಿ ಭಾಗವಾಗುವುದರಿಂದ ನಡುರಾತ್ರಿ ಹನ್ನೆರಡರಿಂದ ನಾಲ್ಕರವರೆಗಿನ ಪಾಳಿ ದಿನವೂ ಒಂದೇ ತಂಡದ ತಲೆಗೆ ಬೀಳಬೇಕಾಗುತ್ತದೆ. ಅದನ್ನು ತಪ್ಪಿಸಲೆಂದೇ ಸಂಜೆ ನಾಲ್ಕರಿಂದ ಎಂಟರ ಪಾಳಿಯನ್ನು ಎರಡೆರಡು ಗಂಟೆಯ ಎರಡು ತುಂಡು ಮಾಡಿದ್ದಾರೆ. ಇವಕ್ಕೆ ಡಾಗ್ ವಾಚ್ ಎಂದು ಹೆಸರು. ಈಗ ಪಾಳಿ ಏಳಾದವು, ಏಳನ್ನು ಮೂರರಿಂದ ಭಾಗಿಸಿದರೆ ಒಂದು ಉಳಿಯುತ್ತದೆ, ಆ ಒಂದರಿಂದಾಗಿ ಎಲ್ಲರ ಸರದಿ ದಿನದಿನಕ್ಕೂ ಜರುಗುತ್ತ ಹೋಗುತ್ತದೆ. ಲೆಕ್ಕ ಬಹಳ ನ್ಯಾಯವಾದದ್ದು. ಆದರೆ ಅದರ ಫಲವಾಗಿ ನಿಮ್ಮ ಮಗನಿಗೆ ಯಾವ ಎರಡು ದಿನವೂ ಒಂದೇ ಹೊತ್ತಿನಲ್ಲಿ ನಿದ್ದೆ ಬರುವುದಿಲ್ಲ. ಒಂದು ದಿನ ನಡುರಾತ್ರಿ ಹನ್ನೆರಡರ ಪಾಳಿಗೆ ಏಳುತ್ತಾನೆ, ಮರುದಿನ ಬೆಳಗಿನ ಎಂಟರ ಪಾಳಿಗೆ, ಅದರ ಮರುದಿನ ನಸುಕಿನ ನಾಲ್ಕರ ಪಾಳಿಗೆ. ಪಾಳಿ ಮುಗಿಯಿತೆಂದರೆ ಬಿಡುವಾಯಿತೆಂದಲ್ಲ. ಹಡಗು ತೊಳೆಯುವುದು, ತುಕ್ಕು ಕೆರೆದು ಬಣ್ಣ ಹಚ್ಚುವುದು, ಬೆಂಕಿ ಆರಿಸುವ ಅಭ್ಯಾಸ, ಬಂದೂಕಿನ ಅಭ್ಯಾಸ, ತನ್ನ ವಿಭಾಗದ ಯಂತ್ರಗಳ ದುರಸ್ತಿ ಎಲ್ಲ ನಡುವೆ ಬರುತ್ತವೆ. ಅವನು ನಿಮಗೆ ಫೋನ್ ಮಾಡುವುದು ಹೆಚ್ಚಾಗಿ ನಿದ್ದೆ ಕಳೆದುಕೊಂಡು, ಸಾಲಿನಲ್ಲಿ ನಿಂತು.

ಅವನು ಯಾವ ವಿಭಾಗದವನೋ ನೀವು ಬರೆದಿಲ್ಲ. ಎಂಜಿನ್ ಕಡೆಯವನಾದರೆ ಕಿವಿಗೆ ಮುಚ್ಚಳ ಹಾಕಿಕೊಂಡು, ಸದ್ದಿನಲ್ಲಿ ಮಾತೇ ಕೇಳದೆ, ಕೈಸನ್ನೆಯಲ್ಲಿ ನಾಲ್ಕು ಗಂಟೆ ಕಳೆಯುತ್ತಾನೆ. ಅಡುಗೆಯವನಾದರೆ ಅವನಿಗೆ ವಾಚ್ ಬೇರೆ, ಕಷ್ಟ ಬೇರೆ. ನನಗೆ ಚೆನ್ನಾಗಿ ಗೊತ್ತಿರುವುದು ನನ್ನ ರಡಾರ್ ಕೋಣೆ. ಹಡಗು ನಡೆಸುವ ಜಾಗವಾದ ಬ್ರಿಡ್ಜಿನ ಹತ್ತಿರದ ಒಂದು ಕತ್ತಲೆ ಕೋಣೆ, ಪರದೆಗಳ ಬೆಳಕು ಬಿಟ್ಟರೆ ಬೇರೆ ಬೆಳಕಿಲ್ಲ. ದೊಡ್ಡ ಹಡಗುಗಳು ಪರದೆಯ ಮೇಲೆ ದಪ್ಪ ಚುಕ್ಕೆಗಳಾಗಿ ತಮ್ಮ ಹೆಸರು ಹೇಳಿಕೊಂಡು ಬರುತ್ತವೆ. ಕಷ್ಟವಿರುವುದು ಸಣ್ಣ ದೋಣಿಗಳಲ್ಲಿ. ಮರದ ಅಥವಾ ಫೈಬರಿನ ದೋಣಿ ರಡಾರಿಗೆ ಸರಿಯಾಗಿ ಸಿಗುವುದಿಲ್ಲ. ಅಲೆಯೊಂದು ಎದ್ದರೆ ಕಾಣುತ್ತದೆ, ಇಳಿದರೆ ಮಾಯವಾಗುತ್ತದೆ. ಕಡೆಗೆ ಎಲ್ಲಕ್ಕೂ ಮೇಲೆ ಡೆಕ್ಕಿನಲ್ಲಿ ದುರ್ಬೀನು ಹಿಡಿದು ನಿಂತ ಹುಡುಗನ ಕಣ್ಣೇ ಬೇಕು. ಆ ಕೊಲ್ಲಿಯಲ್ಲಿ ಮೀನು ಹಿಡಿಯುವವರು ನೂರಾರು ಜನ, ಎಲ್ಲರೂ ಒಂದೇ ಥರದ ದೋಣಿಯವರು. ಹಿಡಿಯುವವನು ಯಾರು, ಕದಿಯುವವನು ಯಾರು ಎಂದು ತಿಳಿಯುವ ಬಗೆಯನ್ನು ನಮಗೆ ಮೊದಲ ದಿನವೇ ಹೇಳಿಕೊಟ್ಟಿದ್ದರು: ಬಲೆ ಇದೆಯೆ ನೋಡು, ಏಣಿ ಇದೆಯೆ ನೋಡು. ಮೀನುಗಾರನ ದೋಣಿಯಲ್ಲಿ ಏಣಿಗೆ ಏನು ಕೆಲಸ? ಮೀನಿನ ವಾಸನೆಯೇ ಇಲ್ಲದ ದೋಣಿಯಲ್ಲಿ ಅಷ್ಟೊಂದು ಪೆಟ್ರೋಲ್ ಡಬ್ಬಗಳೇಕೆ?

ಅಪಾಯದ ಪ್ರಶ್ನೆಗೆ ಬರುತ್ತೇನೆ. ಅಪಾಯವೇ ಇಲ್ಲ ಎಂದು ಹೇಳಿದರೆ ನೀವು ನಂಬುವುದಿಲ್ಲ, ಹೇಳುವುದು ಸರಿಯೂ ಅಲ್ಲ. 2024ರ ಜನವರಿ 5ರಂದು ಐಎನ್‌ಎಸ್ ಚೆನ್ನೈ ಹಡಗಿನ ಕಮಾಂಡೊಗಳು ‘ಲೀಲಾ ನಾರ್ಫೋಕ್’ ಎಂಬ ವ್ಯಾಪಾರಿ ಹಡಗನ್ನು ಹತ್ತಿ 21 ಜನರನ್ನು ಸುರಕ್ಷಿತವಾಗಿ ಹೊರತಂದರು. ಅವರಲ್ಲಿ 15 ಮಂದಿ ನಮ್ಮವರು. ಅದೇ ವರ್ಷ ಮಾರ್ಚಿನಲ್ಲಿ ಐಎನ್‌ಎಸ್ ಕೋಲ್ಕತ್ತ ‘ರೂಯೆನ್’ ಎಂಬ ಹಡಗನ್ನು ಸುಮಾರು 40 ಗಂಟೆ ಬೆನ್ನುಹತ್ತಿ, 35 ಕಡಲ್ಗಳ್ಳರು ಶರಣಾಗುವಂತೆ ಮಾಡಿ, 17 ಸಿಬ್ಬಂದಿಯನ್ನು ಬಿಡಿಸಿತು. ಇವು ಪತ್ರಿಕೆಯಲ್ಲಿ ಬಂದ ದಿನಗಳು. ಪತ್ರಿಕೆಯಲ್ಲಿ ಬಾರದ ದಿನಗಳೇ ಹೆಚ್ಚು. ಎದುರು ಹಡಗಿಗೆ ಹತ್ತುವವರು ಅದಕ್ಕೆಂದೇ ಪಳಗಿದ ಮಾರ್ಕೋಸ್ ಕಮಾಂಡೊಗಳು. ಉಳಿದವರು ತಮ್ಮ ತಮ್ಮ ಜಾಗದಲ್ಲಿ ಯಂತ್ರ ನಡೆಸುತ್ತ, ಪರದೆ ನೋಡುತ್ತ ಇರುತ್ತಾರೆ. ನನ್ನ ಎರಡು ಗಸ್ತುಗಳಲ್ಲಿ ಕಡಲ್ಗಳ್ಳರಿಂದ ನಮ್ಮ ಹಡಗಿನ ಒಬ್ಬನಿಗೂ ತರಚುಗಾಯವಾಗಲಿಲ್ಲ. ಆದರೆ ಒದ್ದೆ ಏಣಿಯಿಂದ ಜಾರಿ ಒಬ್ಬನ ಮುಂಗೈ ಮುರಿಯಿತು.

ಹಡಗಿನವರು ನಿಜವಾಗಿ ಹೆದರುವುದು ಹಗ್ಗಕ್ಕೆ, ಏಣಿಗೆ, ಬೆಂಕಿಗೆ. ಕಡಲಿನ ನಡುವೆ ಟ್ಯಾಂಕರ್ ಹಡಗಿನಿಂದ ಡೀಸೆಲ್ ತುಂಬಿಸಿಕೊಳ್ಳುವ ಕೆಲಸವನ್ನೇ ತೆಗೆದುಕೊಳ್ಳಿ. ಎರಡು ಹಡಗುಗಳು ಒಂದೇ ವೇಗದಲ್ಲಿ, ನಿಮ್ಮೂರಿನ ಎರಡು ಓಣಿಗಳಷ್ಟೇ ಅಂತರ ಬಿಟ್ಟು, ಪಕ್ಕಪಕ್ಕದಲ್ಲಿ ಗಂಟೆಗಟ್ಟಲೆ ಓಡುತ್ತವೆ. ಮೊದಲು ತೆಳ್ಳನೆಯ ದಾರವೊಂದನ್ನು ಆಚೆಗೆ ಹಾರಿಸುತ್ತಾರೆ. ದಾರಕ್ಕೆ ಹಗ್ಗ, ಹಗ್ಗಕ್ಕೆ ಉಕ್ಕಿನ ತಂತಿ, ತಂತಿಗೆ ಕೊಳವೆ. ನಡುವಿನ ನೀರು ಇಕ್ಕಟ್ಟಿಗೆ ಸಿಕ್ಕಿ ಕುದಿಯುವ ಹಾಲಿನಂತೆ ಉಕ್ಕುತ್ತಿರುತ್ತದೆ. ಆ ಹೊತ್ತಿನಲ್ಲಿ ಹಗ್ಗದ ಸುರುಳಿಯೊಳಗೆ ಕಾಲಿಟ್ಟವನನ್ನು ಹಿರಿಯ ಸೈಲರ್‌ಗಳು ಬೈಯುವ ಬೈಗುಳವನ್ನು ಇಲ್ಲಿ ಬರೆಯಲಾರೆ. ಆ ಬೈಗುಳವೇ ಅನೇಕರ ಕಾಲು ಉಳಿಸಿದೆ ಎಂದಷ್ಟೇ ಹೇಳಬಲ್ಲೆ. ನಿಮ್ಮ ಮಗನೂ ಬೈಸಿಕೊಂಡಿರುತ್ತಾನೆ. ಅದನ್ನು ತಾಯಿಗೆ ಹೇಳುವ ಹುಡುಗರಿಲ್ಲ.

ಊಟದ ಚಿಂತೆ ಬೇಡ. ಹೊಟ್ಟೆ ತುಂಬ ಕೊಡುತ್ತಾರೆ. ಮೊದಲ ವಾರ ಸೊಪ್ಪು, ಟೊಮೆಟೊ, ಬಾಳೆಹಣ್ಣು ಇರುತ್ತವೆ, ಆಮೇಲೆ ಎಲೆಕೋಸು, ಕಡೆಗೆ ಈರುಳ್ಳಿ, ಆಲೂಗಡ್ಡೆ, ಬೇಳೆಕಾಳು, ಫ್ರೀಜರಿನ ಕೋಳಿ. ಬಂದರು ಬಿಟ್ಟು ಎಷ್ಟು ದಿನವಾಯಿತೆಂದು ತಟ್ಟೆ ನೋಡಿಯೇ ಹೇಳಬಹುದು. ಚಪಾತಿ, ಅನ್ನ, ದಾಲ್ ಎರಡು ಹೊತ್ತೂ ಉಂಟು. ಆದರೆ ಕೇರಳದವನಿಗೂ ಪಂಜಾಬಿನವನಿಗೂ ಒಡಿಶಾದವನಿಗೂ ಒಂದೇ ಪಾತ್ರೆಯಲ್ಲಿ ಅಡುಗೆಯಾಗುವುದರಿಂದ ಯಾರ ಮನೆಯ ರುಚಿಯೂ ಅದರಲ್ಲಿ ಇರುವುದಿಲ್ಲ, ಬ್ಯಾಡಗಿ ಮೆಣಸಿನಕಾಯಿಯ ಸೀಮೆಯಿಂದ ಹೋದವನಿಗೆ ಅದು ಸಪ್ಪೆ ಎನಿಸದೆ ಇರದು. ನೀರನ್ನು ಕಡಲಿನಿಂದಲೇ ಉಪ್ಪು ತೆಗೆದು ಮಾಡಿಕೊಳ್ಳುತ್ತಾರೆ. ಯಂತ್ರ ಕೈಕೊಟ್ಟ ದಿನ ಸ್ನಾನಕ್ಕೆ ಒಂದು ಬಕೆಟ್. ಮಲಗುವುದು ಒಂದರ ಮೇಲೊಂದು ಮೂರು ಅಂತಸ್ತಿನ ಬಂಕುಗಳಲ್ಲಿ, ಪರದೆ ಎಳೆದುಕೊಂಡು. ಆ ಪರದೆಯೊಳಗಿನ ಆರಡಿ ಜಾಗ ಬಿಟ್ಟರೆ ಅವನದೆಂಬ ಜಾಗ ಇಡೀ ಹಡಗಿನಲ್ಲಿ ಇನ್ನೊಂದಿಲ್ಲ. ಮೆಸ್ ಎಂದು ನಾವು ಕರೆಯುವ ಈ ಮಲಗುವ ಕೋಣೆಯಲ್ಲಿ ಗಾಳಿಯ ಯಂತ್ರದ ಗುಂಯ್ ಎಂಬ ಸದ್ದಿಗೆ ಎಷ್ಟು ಹೊಂದಿಕೊಂಡಿದ್ದೆವೆಂದರೆ, ಅದು ನಿಂತ ಕೂಡಲೇ ಮಲಗಿದ್ದವರೆಲ್ಲ ಒಮ್ಮೆಗೇ ಎದ್ದು ಕೂರುತ್ತಿದ್ದರು.

ಇನ್ನು ಅವನ ಮೌನ. ಇದಕ್ಕೆ ಒಂದು ಕಾರಣ ನಿಯಮ. ಪರದೇಶದ ಗೂಢಚಾರರು ಸಾಮಾಜಿಕ ಜಾಲತಾಣಗಳ ಮೂಲಕ ಕೆಲವು ಸೈಲರ್‌ಗಳನ್ನು ಬಲೆಗೆ ಬೀಳಿಸಿಕೊಂಡದ್ದು ಬಯಲಾದ ಮೇಲೆ, 2019ರ ಡಿಸೆಂಬರಿನಲ್ಲಿ ನೌಕಾಪಡೆ ಹಡಗುಗಳಲ್ಲಿ, ನೆಲೆಗಳಲ್ಲಿ ಸ್ಮಾರ್ಟ್‌ಫೋನ್ ಬಳಕೆಯನ್ನು ನಿಷೇಧಿಸಿತು. ನಾನು ನಿವೃತ್ತನಾದ ಮೇಲೆ ಬಂದ ನಿಯಮವಿದು, ಆದರೂ ಅದರ ಅಗತ್ಯ ನನಗೆ ಅರ್ಥವಾಗುತ್ತದೆ. ಹಡಗು ಎಲ್ಲಿದೆ, ಯಾವ ಬಂದರಿಗೆ ಯಾವಾಗ ಹೋಗುತ್ತದೆ, ಯಾವಾಗ ಮರಳುತ್ತದೆ ಎಂಬುದನ್ನು ಅವನು ಹೇಳುವಂತಿಲ್ಲ. ನೀವೂ ಕೇಳಬೇಡಿ, ಅವನು ಬಾಯಿ ತಪ್ಪಿ ಹೇಳಿದರೂ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಹಾಕಬೇಡಿ, ಬೀಗರಿಗೂ ಹೇಳಬೇಡಿ. ಏಡನ್ ಕೊಲ್ಲಿ ಎಂದು ನೀವು ಬರೆದಿದ್ದೀರಿ. ಕೊಲ್ಲಿ ದೊಡ್ಡದು, ಅಷ್ಟರಿಂದ ಏನೂ ಆಗುವುದಿಲ್ಲ. ಅದಕ್ಕಿಂತ ಹೆಚ್ಚಿಗೆ ಬರೆಯಲಿಲ್ಲವೆಂಬುದು ನನಗೆ ಸಮಾಧಾನ ತಂದಿತು.

ನಿಯಮಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ದಿನಗಳು ಒಂದರಂತೆ ಒಂದು ಇರುವಾಗ ಮನುಷ್ಯನಿಗೆ ಸುದ್ದಿ ಎಂಬುದೇ ಹುಟ್ಟುವುದಿಲ್ಲ. ‘ಏನು ಮಾಡಿದೆ ಮಗನೆ?’ ಎಂದು ನೀವು ಕೇಳಿದಾಗ ಅವನ ಮನಸ್ಸಿನಲ್ಲಿ ಬರುವುದು ಇಷ್ಟು: ವಾಚ್ ಮಾಡಿದೆ, ಮಲಗಿದೆ, ವಾಚ್ ಮಾಡಿದೆ. ಇದನ್ನು ಹೇಗೆ ಹೇಳುವುದು? ಹಾಗೆಂದು ಮನಸ್ಸು ಖಾಲಿ ಇರುತ್ತದೆ ಎಂದುಕೊಳ್ಳಬೇಡಿ. ನಡುರಾತ್ರಿಯ ಪಾಳಿಯಲ್ಲಿ, ಮೂರು ಗಂಟೆಯ ಹೊತ್ತಿಗೆ ಕುದ್ದು ಕುದ್ದು ಕಹಿಯಾದ ಚಹಾ ಕುಡಿಯುತ್ತ ಕೂತಾಗ, ತಲೆ ಊರಿನ ಬಗ್ಗೆ ವಿಚಿತ್ರವಾಗಿ ಕೆಲಸ ಮಾಡುತ್ತದೆ. ನಾನು ನಮ್ಮ ಮನೆಯ ಬಾಗಿಲಿನಿಂದ ಬಸ್‌ಸ್ಟ್ಯಾಂಡಿನವರೆಗಿನ ಅಂಗಡಿಗಳನ್ನು ಒಂದೊಂದಾಗಿ ನೆನಪಿಗೆ ತಂದುಕೊಳ್ಳುತ್ತಿದ್ದೆ. ಕಿರಾಣಿ ಅಂಗಡಿಗೂ ಕ್ಷೌರದ ಅಂಗಡಿಗೂ ನಡುವೆ ಏನಿತ್ತೆಂಬುದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಎರಡು ವಾರ ಅದೇ ಚಿಂತೆ. ರಜೆಗೆ ಬಂದವನು ಚೀಲ ಇಳಿಸಿ ಮೊದಲು ಅಲ್ಲಿಗೇ ಹೋಗಿ ನೋಡಿದೆ. ಬಾಗಿಲು ಮುಚ್ಚಿದ ಒಂದು ಹಳೆಯ ಗೋದಾಮು! ಇಂಥದ್ದನ್ನು ದುಬಾರಿ ಫೋನಿನಲ್ಲಿ, ಹಿಂದೆ ಆರು ಜನ ಕಾಯುತ್ತಿರುವಾಗ, ಯಾರು ಹೇಳಿಯಾರು?

ಹಿಂದಿನ ಕಾಲದಲ್ಲಿ ಈ ಕಾಯುವಿಕೆ ಇನ್ನೂ ಉದ್ದವಿತ್ತು. ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವ್ಯಾಪಾರಿ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ನಮ್ಮ ಕರಾವಳಿಯಲ್ಲಿ, ಬಹುಪಾಲು ಮಂಗಳೂರಿನಲ್ಲಿ, ನೆಲೆಸಿದ್ದ. ಏಡನ್ನಿನ ವ್ಯಾಪಾರಿಗಳು ಅವನಿಗೆ ಬರೆದ ಕಾಗದಗಳು ಕೈರೋ ನಗರದ ಪ್ರಾರ್ಥನಾಮಂದಿರವೊಂದರ ಉಗ್ರಾಣದಲ್ಲಿ ಉಳಿದುಬಂದಿವೆ. ಮೆಣಸು, ಕಬ್ಬಿಣ, ಅಡಿಕೆಗಳ ಲೆಕ್ಕದ ಜೊತೆಗೆ ‘ಇಷ್ಟು ಸಕ್ಕರೆ, ಇಷ್ಟು ದ್ರಾಕ್ಷಿ, ಬರೆಯಲು ಕಾಗದ ಕಳಿಸಿದ್ದೇನೆ’ ಎಂಬಂಥ ಮಾತುಗಳೂ ಅವುಗಳಲ್ಲಿವೆ. ಗಾಳಿ ತಿರುಗುವವರೆಗೆ ಹಡಗು ಹೊರಡುತ್ತಿರಲಿಲ್ಲ. ಒಂದು ಪ್ರಶ್ನೆಗೆ ಉತ್ತರ ಬರಲು ಒಂದು ಮಳೆಗಾಲ ಕಳೆಯಬೇಕಿತ್ತು. ನಾನು ಇದನ್ನು ಓದಿದ್ದು ನಿವೃತ್ತನಾದ ಮೇಲೆ. ಮೊದಲೇ ಓದಿದ್ದರೆ ಆ ರಡಾರ್ ಕೋಣೆಯಲ್ಲಿ ಸ್ವಲ್ಪ ಕಡಿಮೆ ಗೊಣಗುತ್ತಿದ್ದೆನೋ ಏನೋ.

ಬಂದರಿನ ವಿಷಯ ಒಂದನ್ನು ಹೇಳುತ್ತೇನೆ, ಏಕೆಂದರೆ ಅಂಥ ದಿನ ಅವನ ಫೋನ್ ಸ್ವಲ್ಪ ಉದ್ದವಾಗಿ ಬರುತ್ತದೆ. ನಮ್ಮ ಹಡಗುಗಳು ಗಸ್ತಿನ ನಡುವೆ ನೀರು, ದಿನಸಿ, ಎಣ್ಣೆಗೆಂದು ಒಮನ್ ದೇಶದ ಸಲಾಲಾಕ್ಕೆ ಹೋಗುವುದುಂಟು. ಅರಬಸ್ತಾನವೆಂದರೆ ಬರೀ ಮರಳು ಎಂದುಕೊಂಡಿದ್ದ ನಾವು ಜುಲೈ ತಿಂಗಳಲ್ಲಿ ಅಲ್ಲಿ ಇಳಿದೆವು. ನಮ್ಮ ಮುಂಗಾರಿನದೇ ಒಂದು ಸೆರಗು ಆ ಊರಿನ ಬೆಟ್ಟಗಳನ್ನು ಮುಟ್ಟುತ್ತದೆ. ತುಂತುರು, ಮಂಜು, ಹಸಿರು ಗುಡ್ಡ, ರಸ್ತೆ ಬದಿಯಲ್ಲಿ ಬಾಳೆ, ತೆಂಗು. ನಮ್ಮ ಮೆಸ್ಸಿನಲ್ಲಿದ್ದ ತೀರ್ಥಹಳ್ಳಿ ಕಡೆಯ ಹುಡುಗ ಎಳನೀರು ಕೊಂಡು, ರಿಯಾಲನ್ನು ರೂಪಾಯಿಗೆ ಲೆಕ್ಕ ಹಾಕಿ, ‘ನಮ್ಮ ತೋಟವನ್ನು ಇಲ್ಲಿಗೆ ತಂದಿದ್ದರೆ ಅಪ್ಪ ಬಂಗಲೆ ಕಟ್ಟುತ್ತಿದ್ದ’ ಎಂದು ಹೊಟ್ಟೆ ಉರಿದುಕೊಂಡ. ಅಂದು ರಾತ್ರಿ ಅವನು ಮನೆಗೆ ಅರ್ಧ ಗಂಟೆ ಮಾತಾಡಿದ. ಮಾತಾಡಿದ್ದೆಲ್ಲ ಎಳನೀರಿನ ಬೆಲೆಯನ್ನೇ.

ಅದರಿಂದ ನಾನು ಕಲಿತದ್ದನ್ನೇ ನಿಮಗೂ ಹೇಳುವುದು. ‘ಹೇಗಿದ್ದೀಯ’ ಎಂದು ಕೇಳಿದರೆ ‘ಚೊಲೋ ಅದೀನಿ’ ಎಂಬ ಉತ್ತರವೇ ಬರುತ್ತದೆ. ಸಣ್ಣದನ್ನು ಕೇಳಿ: ನಿನ್ನ ಬಂಕು ಮೇಲಿನದೋ ಕೆಳಗಿನದೋ, ಕೆಳಗೆ ಮಲಗುವವನು ಯಾವ ಊರಿನವನು, ಅವನು ಗೊರಕೆ ಹೊಡೆಯುತ್ತಾನೆಯೆ, ಇವತ್ತು ಪಲ್ಯ ಏನಿತ್ತು. ನಿಮ್ಮ ಕಡೆಯ ಸುದ್ದಿಯನ್ನೂ ಹಾಗೇ ಹೇಳಿ. ಮಳೆ ಎಂದು ಬಿತ್ತು, ಎಷ್ಟು ಬಿತ್ತು, ಎಮ್ಮೆ ಈಯಿತೆ, ಮೆಣಸಿನಕಾಯಿ ಯಾವ ದರಕ್ಕೆ ಹೋಯಿತು. ಅವನು ಆ ಸುದ್ದಿಯನ್ನು ಮೂರು ವಾಚ್ ಮೆಲುಕು ಹಾಕುತ್ತಾನೆ.

ಕೆಟ್ಟ ಸುದ್ದಿಯ ವಿಚಾರದಲ್ಲಿ ಮಾತ್ರ ನನ್ನ ಅನುಭವ ಕಹಿಯಾಗಿದೆ. ತೊಂಬತ್ತರ ದಶಕದಲ್ಲಿ ನಮಗೆ ಕಾಗದಗಳು ಮುಂಬೈಯ ಫ್ಲೀಟ್ ಮೇಲ್ ಆಫೀಸಿನ ಮೂಲಕ ಬರುತ್ತಿದ್ದವು. ಆಫ್ರಿಕಾದ ಕಡೆಗೆ ಹೋಗಿದ್ದಾಗ ಒಂದು ಬಂದರಿನಲ್ಲಿ ಚೀಲ ಬಂತು. ನನಗೆ ನಾಲ್ಕು ಕಾಗದ. ಮೇಲಿದ್ದುದನ್ನು ಮೊದಲು ಒಡೆದೆ. ಅದರಲ್ಲಿ ಅಜ್ಜಿಯ ತಿಂಗಳ ತಿಥಿ ಆಯಿತೆಂದು ಬರೆದಿತ್ತು. ಅಜ್ಜಿ ಹೋದ ಸುದ್ದಿಯೇ ನನಗೆ ತಿಳಿದಿರಲಿಲ್ಲ. ‘ಹುಡುಗ ದೂರದಲ್ಲಿದ್ದಾನೆ, ಹೇಳಿ ಏಕೆ ನೋಯಿಸಬೇಕು’ ಎಂದು ಮನೆಯವರು ಬಿಟ್ಟಿದ್ದರಂತೆ, ಆಮೇಲೆ ಯಾರೋ ತಿಳಿದಿರಬಹುದೆಂದು ಬರೆದುಬಿಟ್ಟರು. ನೀವು ಹಾಗೆ ಮಾಡಬೇಡಿ. ಅವನ ಸರ್ವಿಸ್ ನಂಬರು, ಹಡಗಿನ ಹೆಸರು, ನೆಲೆಯ ಕಚೇರಿಯ ಫೋನ್ ನಂಬರು ಮೂರನ್ನೂ ಒಂದು ಕಾಗದದಲ್ಲಿ ಬರೆದು ಕಪಾಟಿನ ಒಳಬಾಗಿಲಿಗೆ ಅಂಟಿಸಿ. ಮನೆಯಲ್ಲಿ ಏನಾದರೂ ಆದರೆ ಕಚೇರಿಗೆ ತಿಳಿಸಿ. ಅವರು ಹಡಗಿಗೆ ಮುಟ್ಟಿಸುತ್ತಾರೆ, ಅವನ ಮೇಲಧಿಕಾರಿ ಪಕ್ಕಕ್ಕೆ ಕರೆದು ಕೂರಿಸಿ ಹೇಳುತ್ತಾನೆ. ನಡುಗಡಲಿನಲ್ಲಿ ಒಬ್ಬನೇ ಓದಿಕೊಳ್ಳುವುದಕ್ಕಿಂತ ಅದು ಎಷ್ಟೋ ಮೇಲು.

ಅವನು ಮರಳಿ ಬಂದಾಗ ಮೊದಲ ಒಂದೆರಡು ವಾರ ಹೊತ್ತಲ್ಲದ ಹೊತ್ತಿನಲ್ಲಿ ಮಲಗುತ್ತಾನೆ, ರಾತ್ರಿ ಹನ್ನೆರಡಕ್ಕೆ ಎದ್ದು ಅಂಗಳದಲ್ಲಿ ಓಡಾಡುತ್ತಾನೆ. ನೀರು ಬಿಟ್ಟುಕೊಂಡು ಪಾತ್ರೆ ತೊಳೆದರೆ ನಿಮಗೇ ಗದರಿಸಿ ನಲ್ಲಿ ನಿಲ್ಲಿಸಿದರೂ ನಿಲ್ಲಿಸಿದನೇ. ಗಾಬರಿಯಾಗಬೇಡಿ.

ರೊಟ್ಟಿಯ ಪ್ರಶ್ನೆ ಉಳಿಯಿತು. ಕಟ್ಟಿಕೊಡಿ, ಒಣ ತಿಂಡಿಗೆ ಯಾರೂ ಬೇಡವೆನ್ನುವುದಿಲ್ಲ. ಕಟಕ ರೊಟ್ಟಿಯೇ ಆಗಬೇಕು, ಮೆತ್ತನೆಯದು ಮೂರು ದಿನಕ್ಕೆ ಬೂಸು ಹಿಡಿಯುತ್ತದೆ. ಕಡಲಗಾಳಿಯ ತೇವಕ್ಕೆ ಒಣ ರೊಟ್ಟಿಯೂ ಮೆತ್ತಗಾಗುವುದರಿಂದ ಹತ್ತು ಹತ್ತರಂತೆ ಬೇರೆ ಬೇರೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ. ಒಂದು ಚೀಲ ಬಿಚ್ಚಿದರೆ ಉಳಿದವು ಗರಿಗರಿಯಾಗಿಯೇ ಇರುತ್ತವೆ. ಶೇಂಗಾ ಚಟ್ನಿಗೆ ಗಾಜಿನ ಬಾಟಲಿ ಬೇಡ, ಹಡಗು ಹೊರಳಿದಾಗ ಒಡೆದರೆ ಲಾಕರಿನ ಸಮವಸ್ತ್ರವೆಲ್ಲ ಕೆಂಪಾಗುತ್ತದೆ. ಸ್ಟೀಲ್ ಡಬ್ಬಿ ಒಳ್ಳೆಯದು. ಲೆಕ್ಕ ಮಾತ್ರ ಮನೆಯ ಲೆಕ್ಕ ಹಾಕಬೇಡಿ. ಚಟ್ನಿಯ ಡಬ್ಬಿ ತೆರೆದ ಸದ್ದಿಗೆ ಮೆಸ್ಸಿನ ಅಷ್ಟೂ ಬಂಕಿನ ಪರದೆಗಳು ಸರಿಯುತ್ತವೆ, ಇಪ್ಪತ್ತು ಕಟ್ಟಿದರೆ ಅವನ ಪಾಲಿಗೆ ಬರುವುದು ಒಂದು. ನೂರು ಕಟ್ಟಿ.